ಇಲ್ಲದ ಎರಡನೇ ಡ್ರೈವ್

1980ರ ದಶಕದ ಮೊದಲರ್ಧದಲ್ಲಿ ಕಮೊಡೋರ್ ಕಂಪ್ಯೂಟರ್ ಇಟ್ಟುಕೊಂಡವರ ನಡುವೆ ಒಂದು ಚಿಹ್ನೆಯ ಬಗ್ಗೆ ತೀರದ ವಾದವಿತ್ತು. ಆ ಚಿಹ್ನೆ @. ಫ್ಲಾಪಿಯಲ್ಲಿ ಆಗಲೇ ಇರುವ ಫೈಲಿನ ಹೆಸರಿನಲ್ಲೇ ಹೊಸ ಆವೃತ್ತಿಯನ್ನು ಸೇವ್ ಮಾಡಬೇಕಾದರೆ ಹೆಸರಿಗೆ ಮೊದಲು ಅದನ್ನು ಹಾಕಬೇಕಿತ್ತು: ಸೇವ್ "@:ಹೆಸರು",8. ಹಾಗೆ ಹಾಕಿದರೆ ಒಮ್ಮೊಮ್ಮೆ ಫ್ಲಾಪಿಯೇ ಕೆಟ್ಟುಹೋಗುತ್ತದೆ ಎಂದು ಕೆಲವರು ಆಣೆಯಿಟ್ಟು ಹೇಳುತ್ತಿದ್ದರು. ನಾವು ದಿನಾ ಹಾಕುತ್ತೇವೆ, ಏನೂ ಆಗಿಲ್ಲ, ನೀವೇ ಏನೋ ಎಡವಟ್ಟು ಮಾಡಿಕೊಂಡಿದ್ದೀರಿ ಎಂದು ಉಳಿದವರು ನಗುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅದು ತಿಳಿಯುವ ಹೊತ್ತಿಗೆ 1985 ಬಂದಿತ್ತು, ಲಕ್ಷಗಟ್ಟಲೆ ಡ್ರೈವ್‌ಗಳು ಮನೆಮನೆ ಸೇರಿದ್ದವು.

ಈ ಕಥೆಯಲ್ಲಿ ಖಳನಾಯಕ ಯಾರೂ ಇಲ್ಲ. ಒಂದು ಒಳ್ಳೆಯ ಆಲೋಚನೆ ಇದೆ, ಒಂದು ಹಳೆಯ ಪ್ರೋಗ್ರಾಂ ಇದೆ, ಉಳಿತಾಯದ ಗೀಳು ಇದೆ. ಮೂರೂ ಸೇರಿ ಜನರ ಫೈಲುಗಳನ್ನು ತಿಂದವು.

ಫ್ಲಾಪಿಗೂ ಮೊದಲು ಮನೆಯ ಕಂಪ್ಯೂಟರಿಗೆ ಇದ್ದ ನೆನಪೆಂದರೆ ಕ್ಯಾಸೆಟ್, ಹಾಡು ಕೇಳುವ ಅದೇ ಕ್ಯಾಸೆಟ್. ಕಮೊಡೋರ್ 1977ರಲ್ಲಿ ತಂದ ಪೆಟ್ ಕಂಪ್ಯೂಟರಿನ ಮೊದಲ ಮಾದರಿಯಲ್ಲಿ ಕೀಲಿಮಣೆಯ ಪಕ್ಕದಲ್ಲೇ ಟೇಪ್ ರೆಕಾರ್ಡರ್ ಕೂಡಿಸಿತ್ತು. ಟೇಪು ನಿಧಾನ, ಸೆಕೆಂಡಿಗೆ ಐವತ್ತು ಅಕ್ಷರಗಳ ಆಸುಪಾಸು. ಆದರೆ ಕಮೊಡೋರ್‌ನ ಟೇಪ್ ಪದ್ಧತಿಯನ್ನು ಯೋಚಿಸಿದವರು ಬಲು ಅನುಮಾನದ ಮನುಷ್ಯರಾಗಿದ್ದರು. ಬರೆಯುವುದನ್ನೆಲ್ಲ ಎರಡೆರಡು ಸಲ ಬರೆಯುತ್ತಿದ್ದರು. ಓದುವಾಗ ಮೊದಲ ಪ್ರತಿಯಲ್ಲಿ ಎಲ್ಲಾದರೂ ಮುಗ್ಗರಿಸಿದರೆ ಎರಡನೆಯದರಿಂದ ತಿದ್ದಿಕೊಳ್ಳಲಿ ಎಂದು. ಅಷ್ಟು ಸಾಲದೆಂದು, ಟೇಪಿನಲ್ಲಿರುವುದೂ ಮೆಮೊರಿಯಲ್ಲಿರುವುದೂ ಒಂದೇ ಹೌದೋ ಎಂದು ತಾಳೆ ನೋಡಲು ವೆರಿಫೈ ಎಂಬ ಆದೇಶವನ್ನೂ ಬೇಸಿಕ್ ಭಾಷೆಯಲ್ಲಿ ಇಟ್ಟಿದ್ದರು. ಆ ಕಾಲದ ಬೇರೆ ಯಂತ್ರಗಳಲ್ಲಿ ರೆಕಾರ್ಡರಿನ ವಾಲ್ಯೂಮ್ ತಿರುಪುತ್ತಾ ದೇವರ ಹೆಸರು ಹೇಳಿಕೊಳ್ಳಬೇಕಿತ್ತು. ಹೋಲಿಸಿದರೆ ಕಮೊಡೋರ್‌ನ ಟೇಪು ನಂಬಿಕಸ್ಥ.

ಫ್ಲಾಪಿ ಬಂದದ್ದು ವೇಗದ ಆಸೆ ತೋರಿಸಿಕೊಂಡು. ಆಪಲ್ ಕಂಪನಿಯ ಸ್ಟೀವ್ ವೋಜ್ನಿಯಾಕ್ 1977ರ ಕೊನೆಯ ರಜಾದಿನಗಳಲ್ಲಿ ಕೂತು ಬೆರಳೆಣಿಕೆಯ ಚಿಪ್ಪುಗಳಲ್ಲಿ ಒಂದು ನಿಯಂತ್ರಕವನ್ನು ಕಟ್ಟಿದರು. ಅದೇ 1978ರಲ್ಲಿ ಡಿಸ್ಕ್ 2 ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಟ್ಯಾಂಡಿ ಕಂಪನಿ ತನ್ನ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಮಾರುತ್ತಿದ್ದ ಟಿಆರ್‌ಎಸ್-80ಕ್ಕೂ ಅದೇ ವರ್ಷ ಡ್ರೈವ್ ಜೋಡಿಸಿತು, ಅಲ್ಲಿ ಬೇರೊಂದು ಗೋಳು. ಫ್ಲಾಪಿಯಿಂದ ಬರುವ ಸಂಕೇತದಲ್ಲಿ ಸಮಯ ತೋರಿಸುವ ಮಿಡಿತ ಯಾವುದು, ಮಾಹಿತಿಯ ಮಿಡಿತ ಯಾವುದು ಎಂದು ಬೇರ್ಪಡಿಸಬೇಕು. ಆ ಕೆಲಸಕ್ಕೆ ವೆಸ್ಟರ್ನ್ ಡಿಜಿಟಲ್‌ನ 1771 ಎಂಬ ಚಿಪ್ಪಿನ ಒಳಗೇ ಒಂದು ಏರ್ಪಾಡಿತ್ತು. ಅದನ್ನು ಪೂರ್ತಿ ನಂಬಬೇಡಿ, ಹೊರಗೊಂದು ಮಂಡಲ ಕಟ್ಟಿಕೊಳ್ಳಿ ಎಂದು ಚಿಪ್ ಮಾಡಿದವರೇ ಹೇಳಿದ್ದರು. ಟ್ಯಾಂಡಿ ಕಟ್ಟಲಿಲ್ಲ. ಓದುವಾಗ ತಪ್ಪು ಬರತೊಡಗಿದ ಮೇಲೆ ಪರ್ಕಾಮ್ ಎಂಬ ಇನ್ನೊಂದು ಕಂಪನಿ ಆ ಹೊರಗಿನ ಮಂಡಲವನ್ನು ಪುಟ್ಟ ಬೋರ್ಡಿನ ಮೇಲೆ ಕೂಡಿಸಿ ಮಾರಿತು. ನಾಲ್ಕು ಕಾಸು ಉಳಿಸುವ ಈ ಚಾಳಿಯನ್ನು ಟ್ಯಾಂಡಿಯೊಂದರ ತಲೆಗೇ ಕಟ್ಟುವುದು ನ್ಯಾಯವಲ್ಲ. ಮನೆಯ ಕಂಪ್ಯೂಟರ್ ಎಂಬ ಸರಕೇ ಆ ಚಾಳಿಯಿಂದ ಹುಟ್ಟಿದ್ದು.

ಕಮೊಡೋರ್ ಹಿಡಿದ ದಾರಿ ಎಲ್ಲರಿಗಿಂತ ಬೇರೆ. ಅದರ ಡ್ರೈವ್ ತಾನೇ ಒಂದು ಕಂಪ್ಯೂಟರ್. 1979ರ ಸುಮಾರಿಗೆ ಪೆಟ್ ಯಂತ್ರಕ್ಕಾಗಿ ಬಂದ 2040 ಎಂಬ ಭಾರೀ ಪೆಟ್ಟಿಗೆಯಲ್ಲಿ ಎರಡು ಡ್ರೈವ್‌ಗಳು ಅಕ್ಕಪಕ್ಕ ಕೂತಿದ್ದವು. ಅವಕ್ಕೆ ಸೊನ್ನೆ ಮತ್ತು ಒಂದು ಎಂಬ ಅಂಕೆಗಳೇ ಹೆಸರು. ಒಳಗೆ ಎರಡು ಪ್ರೊಸೆಸರ್: ಒಂದು ಕಂಪ್ಯೂಟರಿನ ಜೊತೆ ಮಾತಾಡಿ ಫೈಲುಗಳ ಲೆಕ್ಕ ಇಡುವುದಕ್ಕೆ, ಇನ್ನೊಂದು ಹೆಡ್ಡನ್ನು ಸರಿಸಿ ಓದಿ ಬರೆಯುವುದಕ್ಕೆ. ಇಬ್ಬರೂ ಹಂಚಿಕೊಳ್ಳಲು 4 ಕೆಬಿ ಮೆಮೊರಿ. ಡಾಸ್ ಎಂಬ ನಿರ್ವಹಣಾ ಪ್ರೋಗ್ರಾಂ ಡ್ರೈವ್‌ನ ರೋಮ್ ಚಿಪ್ಪಿನಲ್ಲೇ ಇತ್ತು. ಕಂಪ್ಯೂಟರ್ 'ಈ ಫೈಲು ಸೇವ್ ಮಾಡು' ಎಂದು ತಂತಿಯಲ್ಲಿ ಹೇಳಿದರೆ ಸಾಕು, ಎಲ್ಲಿ ಬರೆಯಬೇಕು, ಹೇಗೆ ಬರೆಯಬೇಕು ಎಂಬುದೆಲ್ಲ ಡ್ರೈವ್‌ನ ತಲೆನೋವು. ಕಂಪ್ಯೂಟರಿನ ಮೆಮೊರಿಯಲ್ಲಿ ಡಾಸ್‌ಗೆಂದು ಒಂದು ಅಕ್ಷರದಷ್ಟು ಜಾಗವೂ ಖರ್ಚಾಗುತ್ತಿರಲಿಲ್ಲ. 64 ಕೆಬಿಯೇ ಐಶ್ವರ್ಯವಾಗಿದ್ದ ಕಾಲದಲ್ಲಿ ಇದು ಜಾಣತನವೇ.

2040 ಮತ್ತು ಅದರ ಮುಂದಿನ 4040 ಕಚೇರಿಗಳಿಗಾಗಿ ಮಾಡಿದ ಯಂತ್ರಗಳು. ಮನೆಗೆ ಅಗ್ಗದ್ದು ಬೇಕಿತ್ತು. ಪೆಟ್‌ಗೂ ಡ್ರೈವ್‌ಗೂ ನಡುವೆ ಇದ್ದ ಐಇಇಇ-488 ಎಂಬ ದಪ್ಪ ಕೇಬಲ್ಲಿಗೆ ದುಡ್ಡೂ ಜಾಸ್ತಿ, ಸರಬರಾಜಿಗೂ ಬರ. ಆ ಕೇಬಲ್ಲಿನ ತಾಪತ್ರಯಕ್ಕೆ ಬೇಸತ್ತು ಜ್ಯಾಕ್ ಟ್ರಾಮಿಯಲ್ ಅದರಿಂದಲೇ ಕಳಚಿಕೊಳ್ಳಲು ನಿರ್ಧರಿಸಿದರು ಎಂದು ಕೆನಡಾದ ಜಿಮ್ ಬಟರ್‌ಫೀಲ್ಡ್ 1983ರಲ್ಲಿ ಬರೆದಿದ್ದಾರೆ. ಕಮೊಡೋರ್ ಬಳಕೆದಾರರಿಗೆ ಬಟರ್‌ಫೀಲ್ಡ್ ಮೇಷ್ಟರಿದ್ದ ಹಾಗೆ. ಟ್ರಾಮಿಯಲ್ ಆ ಕಂಪನಿಯ ಸ್ಥಾಪಕ. ನಾಜಿ ಶಿಬಿರಗಳಿಂದ ಬದುಕಿ ಬಂದು, ಟೈಪ್‌ರೈಟರ್ ರಿಪೇರಿಯಿಂದ ಶುರುಮಾಡಿ, ಬೆಲೆ ಇಳಿಸಿ ಇಳಿಸಿಯೇ ಎದುರಾಳಿಗಳನ್ನು ಮಣಿಸಿದ ಆಸಾಮಿ. ಹೊಸ ಸಂಪರ್ಕಕ್ಕೆ ಸಪೂರ ತಂತಿ ಬಂತು. ಅದರಲ್ಲಿ ಬಿಟ್ಟುಗಳು ಒಂದರ ಹಿಂದೊಂದು ಸಾಲಾಗಿ ಹೋಗಬೇಕು. ಆ ಕೆಲಸ ಮಾಡಬೇಕಿದ್ದ 6522 ಚಿಪ್ಪಿನ ಶಿಫ್ಟ್ ರಿಜಿಸ್ಟರ್‌ನಲ್ಲಿ ದೋಷವಿತ್ತು. ಹಾಗಾಗಿ ಒಂದೊಂದು ಬಿಟ್ಟನ್ನೂ ಪ್ರೋಗ್ರಾಮಿನಿಂದಲೇ ಕೈಯಾರೆ ದಾಟಿಸುವ ಗತಿ ಬಂತು. ವಿಕ್-20ಕ್ಕಾಗಿ ಬಂದ 1540 ಡ್ರೈವ್ ಹೀಗೆ ನಿಧಾನವಾಯಿತು. 1982ರಲ್ಲಿ ಕಮೊಡೋರ್ 64 ಬಂದಾಗ ಅದರ ಚಿತ್ರ ಬಿಡಿಸುವ ಚಿಪ್ಪು ಆಗಾಗ ಪ್ರೊಸೆಸರನ್ನೇ ತಡೆದು ನಿಲ್ಲಿಸುತ್ತಿದ್ದರಿಂದ, ಡ್ರೈವನ್ನು ಇನ್ನಷ್ಟು ನಿಧಾನ ಮಾಡಿ 1541 ಎಂಬ ಹೊಸ ಅಂಕೆ ಕೊಟ್ಟರು. ಫೈಲು ಓದುವ ವೇಗ ಸೆಕೆಂಡಿಗೆ ಸುಮಾರು 400 ಅಕ್ಷರ. 40 ಕೆಬಿಯ ಆಟವೊಂದು ಮೆಮೊರಿಗೆ ಬರಲು ಒಂದೂವರೆ ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು.

ನಿಧಾನದ ಬಗ್ಗೆ ಜನ ಬೇಕಾದಷ್ಟು ಬೈದಿದ್ದಾರೆ. ನನಗೆ ಮುಖ್ಯವೆನಿಸುವುದು ಬೇರೆ ಒಂದು ಉಳಿತಾಯ, ಹೊರಗಿನಿಂದ ಯಾರ ಕಣ್ಣಿಗೂ ಬೀಳದ್ದು. 1541ರಲ್ಲಿ ಡ್ರೈವ್ ಒಂದೇ, ಪ್ರೊಸೆಸರ್ ಒಂದೇ, ಮೆಮೊರಿ 2 ಕೆಬಿ ಮಾತ್ರ. ಆ 2 ಕೆಬಿಯನ್ನು 256 ಅಕ್ಷರಗಳ ಎಂಟು ಪುಟ ಎಂದುಕೊಂಡರೆ ಮೂರು ಪುಟ ಡಾಸ್‌ನ ಸ್ವಂತ ಖರ್ಚಿಗೆ. ಫ್ಲಾಪಿಯಿಂದ ಓದಿದ್ದನ್ನೂ ಫ್ಲಾಪಿಗೆ ಬರೆಯಬೇಕಾದ್ದನ್ನೂ ತಾತ್ಕಾಲಿಕವಾಗಿ ಇಡಲು ಬಫರ್‌ಗಳಾಗಿ ಉಳಿದದ್ದು ಐದು ಪುಟ. ಹಳೆಯ ಜೋಡಿ ಡ್ರೈವ್‌ನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಬಫರ್‌ಗಳಿದ್ದವು. ಡಾಸ್ ಮಾತ್ರ ಹೊಸದಾಗಿ ಬರೆದದ್ದಲ್ಲ. ಜೋಡಿ ಡ್ರೈವ್‌ಗೆಂದು ಬರೆದದ್ದನ್ನೇ ಕತ್ತರಿಸಿ ಹೊಲಿದು ಈ ಪುಟ್ಟ ಮೈಗೆ ತೊಡಿಸಿದ್ದರು. 

ಫೈಲು ಫ್ಲಾಪಿಯ ಮೇಲೆ ಹೇಗೆ ಕೂರುತ್ತದೆ ಎಂದು ಸ್ವಲ್ಪ ನೋಡದೆ ಮುಂದಿನದು ಅರ್ಥವಾಗದು. ಐದೂಕಾಲು ಅಂಗುಲದ ಫ್ಲಾಪಿಯ ಒಂದು ಮುಖದಲ್ಲಿ 1541 ಡ್ರೈವ್ 35 ಟ್ರ್ಯಾಕ್‌ಗಳನ್ನು ಬರೆಯುತ್ತದೆ. ಹೊರ ಅಂಚಿನ ಟ್ರ್ಯಾಕ್‌ಗಳು ಉದ್ದ, ಅವುಗಳಲ್ಲಿ 21 ಸೆಕ್ಟರ್. ಒಳಗೆ ಹೋದಂತೆ 19, 18, ಕೊನೆಗೆ 17. ಒಟ್ಟು 683 ಸೆಕ್ಟರ್, ಒಂದೊಂದರಲ್ಲಿ 256 ಅಕ್ಷರ. ನಟ್ಟನಡುವಿನ 18ನೇ ಟ್ರ್ಯಾಕ್ ಬಳಕೆದಾರನಿಗೆ ಸಿಗುವುದಿಲ್ಲ. ಫೈಲುಗಳ ಹೆಸರಿನ ಪಟ್ಟಿಯೂ, ಯಾವ ಸೆಕ್ಟರ್ ಖಾಲಿ ಯಾವುದು ಭರ್ತಿ ಎಂದು ಹೇಳುವ ಬ್ಯಾಮ್ ಎಂಬ ನಕ್ಷೆಯೂ ಅಲ್ಲಿರುತ್ತವೆ. ಅದನ್ನು ಕಳೆದರೆ ಹೊಸ ಫ್ಲಾಪಿಯಲ್ಲಿ 664 ಸೆಕ್ಟರ್ ಖಾಲಿ. ಪ್ರತಿ ಸೆಕ್ಟರಿನ ಮೊದಲ ಎರಡು ಅಕ್ಷರಗಳು ಮುಂದಿನ ಸೆಕ್ಟರಿನ ವಿಳಾಸ. ಫೈಲೆಂದರೆ ಈ ವಿಳಾಸಗಳ ಸರಪಳಿ, ಅಷ್ಟೇ. ಒಂದು ಕೊಂಡಿ ತಪ್ಪು ಕಡೆ ತೋರಿಸಿತೋ, ಅಲ್ಲಿಂದಾಚೆಗೆ ನಿಮ್ಮ ಪತ್ರದ ಬಾಲಕ್ಕೆ ಇನ್ನಾವುದೋ ಪ್ರೋಗ್ರಾಮಿನ ಮೈ ಅಂಟಿಕೊಂಡಿರುತ್ತದೆ.

ಈಗ ಆ @ ಚಿಹ್ನೆ. ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಇಡಬೇಕು. ಸುಲಭದ ದಾರಿ, ಹಳೆಯ ಸೆಕ್ಟರ್‌ಗಳ ಮೇಲೆಯೇ ಹೊಸದನ್ನು ಬರೆದುಬಿಡುವುದು. ಆಪಲ್‌ನ ಡಾಸ್ 3.3 ಮಾಡುತ್ತಿದ್ದುದು ಅದನ್ನೇ, ಅದೂ ಕೇಳದೆ ಹೇಳದೆ. ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕಮೊಡೋರ್‌ನವರು ಹಾಗೆ ಮಾಡಲಿಲ್ಲ. ಮೊದಲು ಖಾಲಿ ಸೆಕ್ಟರ್‌ಗಳಲ್ಲಿ ಹೊಸ ಫೈಲನ್ನು ಪೂರ್ತಿ ಬರೆಯುವುದು. ಅದು ಮುಗಿಯುವವರೆಗೆ ಹೆಸರಿನ ಪಟ್ಟಿಯಲ್ಲಿ ಹಳೆಯ ವಿಳಾಸ ಹಾಗೇ ಇರುತ್ತದೆ. ಅದೇ ಸಾಲಿನ ಕೊನೆಯಲ್ಲಿ, ಇದಕ್ಕೆಂದೇ ಮೀಸಲಿಟ್ಟ ಎರಡು ಅಕ್ಷರಗಳಲ್ಲಿ, ಹೊಸದರ ವಿಳಾಸ ಕಾಯುತ್ತಿರುತ್ತದೆ. ಫೈಲು ಮುಚ್ಚಿದ ಮೇಲೆ ಹೊಸ ವಿಳಾಸವನ್ನು ಹಳೆಯದರ ಜಾಗಕ್ಕೆ ತಂದು, ಹಳೆಯ ಸೆಕ್ಟರ್‌ಗಳನ್ನು ಖಾಲಿ ಎಂದು ನಕ್ಷೆಯಲ್ಲಿ ಗುರುತು ಮಾಡುವುದು. ನಡುವೆ ಏನೇ ಆದರೂ ಹಳೆಯ ಪ್ರತಿಗೆ ಧಕ್ಕೆಯಿಲ್ಲ. ಇವತ್ತಿಗೂ ಜವಾಬ್ದಾರಿಯುಳ್ಳ ಯಾವ ಪ್ರೋಗ್ರಾಮೂ ಫೈಲು ಉಳಿಸುವ ರೀತಿ ಹೆಚ್ಚುಕಡಿಮೆ ಇದೇ: ಹೊಸದನ್ನು ಬೇರೆ ಕಡೆ ಪೂರ್ತಿ ಬರೆ, ಆಮೇಲೆ ಹೆಸರು ಬದಲಿಸು. ಮನೆಯ ಕಂಪ್ಯೂಟರಿಗೆ ಅಷ್ಟು ಹಿಂದೆಯೇ ಇದನ್ನು ತಂದವರ ಬಗ್ಗೆ ನನಗೆ ಗೌರವವಿದೆ. ಇಂಥ ಆದೇಶವೇ ಮುಂದೆ ಅಪಾಯದ ಗುರುತಾದದ್ದು ವಿಚಿತ್ರ.

ಡ್ರೈವ್‌ನ ಎಚ್ಚರ ಇಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಪ್ರತಿ ಸೆಕ್ಟರ್ ಬರೆದ ಮೇಲೂ ಅದನ್ನು ಮತ್ತೆ ಓದಿ, ಬಫರಿನಲ್ಲಿರುವುದರ ಜೊತೆ ಹೋಲಿಸಿ ನೋಡುತ್ತಿತ್ತು. ತಪ್ಪಿದ್ದರೆ ಕೆಂಪು ದೀಪ ಮಿಣುಕುತ್ತಿತ್ತು, 25ನೇ ಸಂಖ್ಯೆಯ ದೋಷ ವರದಿಯಾಗುತ್ತಿತ್ತು. ಅಂದರೆ ಬಫರಿನಲ್ಲಿದ್ದದ್ದು ಫ್ಲಾಪಿಯ ಮೇಲೆ ಸರಿಯಾಗಿ ಮೂಡಿದೆಯೋ ಇಲ್ಲವೋ ಎಂಬುದನ್ನು ಡ್ರೈವ್ ಖಚಿತವಾಗಿ ಹೇಳಬಲ್ಲದು. ಬಫರಿನಲ್ಲಿದ್ದದ್ದೇ ತಪ್ಪು ಸರಕಾಗಿದ್ದರೆ? ಅದು ಸರಿಯಾಗಿಯೇ ಮೂಡುತ್ತಿತ್ತು, ದೀಪ ಮಿಣುಕುತ್ತಿರಲಿಲ್ಲ.

ತೊಂದರೆಯ ಲಕ್ಷಣ ಹೀಗಿರುತ್ತಿತ್ತು. ಯಾರೋ ಸಂಜೆಯೆಲ್ಲ ಕೂತು ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲು ಸಾಲಾಗಿ ಟೈಪ್ ಮಾಡುತ್ತಾರೆ. ಆಗ ಅದು ದೊಡ್ಡ ಹವ್ಯಾಸ, ಅದನ್ನೇ ನಂಬಿದ ಪತ್ರಿಕೆಗಳಿದ್ದವು. ಅರ್ಧ ಗಂಟೆಗೊಮ್ಮೆ @ ಹಾಕಿ ಸೇವ್ ಮಾಡುತ್ತಾರೆ. ಎಲ್ಲ ಸರಿ. ವಾರದ ಮೇಲೆ ಅದೇ ಫ್ಲಾಪಿಯಿಂದ ಇನ್ನೊಂದು ಫೈಲು, ಆ ಸಂಜೆ ಮುಟ್ಟಿಯೂ ಇರದ ಫೈಲು, ಲೋಡ್ ಮಾಡಿದರೆ ಅದರ ಹೆಸರಿನಲ್ಲಿ ಬರುವುದು ಬೇರೆಯದೇ ಪ್ರೋಗ್ರಾಂ. ಶಾನುಭೋಗರ ಲೆಕ್ಕದಲ್ಲಿ ಒಬ್ಬನ ಹೊಲ ಇನ್ನೊಬ್ಬನ ಖಾತೆಗೆ ಬಿದ್ದ ಹಾಗೆ. ಹೊಲ ಅಲ್ಲೇ ಇದೆ, ಕಾಗದವೂ ಅಚ್ಚುಕಟ್ಟಾಗಿದೆ, ಒಡೆಯ ಮಾತ್ರ ಬದಲಾಗಿದ್ದಾನೆ. ಕಳ್ಳತನ ನಡೆದದ್ದು ಯಾವತ್ತು, ಯಾವ ಆದೇಶದಿಂದ ಎಂದು ಯಾರಿಗೆ ಗೊತ್ತಾಗಬೇಕು?

ಗುಮಾನಿ ಪಡಲು ಬೇರೆ ಕಾರಣಗಳಿಗೇನೂ ಬರವಿರಲಿಲ್ಲ. ಈ ವಾದ ವರ್ಷಗಟ್ಟಲೆ ಎಳೆದದ್ದೂ ಅದಕ್ಕೇ.

ಮೊದಲನೆಯ ಆರೋಪಿ ಐಡಿ. ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡುವಾಗ ಎರಡು ಅಕ್ಷರಗಳ ಐಡಿ ಕೊಡಬೇಕು. ಅದು ಪ್ರತಿ ಸೆಕ್ಟರಿನ ತಲೆಯಲ್ಲೂ ಬರೆದಿರುತ್ತದೆ. ಡ್ರೈವ್‌ನೊಳಗಿನ ಫ್ಲಾಪಿ ಬದಲಾಗಿದೆ ಎಂದು ಡಾಸ್ ಮುಖ್ಯವಾಗಿ ತಿಳಿಯುತ್ತಿದ್ದುದು ಅದರಿಂದ. ಪ್ರತಿ ಫ್ಲಾಪಿಗೂ ಬೇರೆ ಐಡಿ ಕೊಡಿ ಎಂದು ಕೈಪಿಡಿ ಹೇಳುತ್ತಿತ್ತು. ಕೈಪಿಡಿ ಓದುವವರು ಯಾರು? ಹತ್ತು ಫ್ಲಾಪಿಗೂ 01 ಎಂದೇ ಹಾಕಿದವರು ಮೊದಲ ಫ್ಲಾಪಿ ತೆಗೆದು ಎರಡನೆಯದನ್ನು ತೂರಿಸಿ ಸೇವ್ ಮಾಡಿದರೆ, ಬದಲಾದದ್ದನ್ನು ಡ್ರೈವ್ ಗಮನಿಸದೆ ಹೋಗಬಹುದಿತ್ತು. ಆಗ ಮೊದಲ ಫ್ಲಾಪಿಯ ಖಾಲಿ-ಭರ್ತಿ ನಕ್ಷೆಯನ್ನೇ ನಂಬಿ ಎರಡನೆಯದರ ಮೇಲೆ ಬರೆಯುತ್ತಿತ್ತು. ಫಲಿತಾಂಶ ಮೇಲೆ ಹೇಳಿದಂಥದ್ದೇ: ಒಂದು ಫೈಲಿನ ಮೈಮೇಲೆ ಇನ್ನೊಂದು.

ಎರಡನೆಯದು ಮುಚ್ಚದ ಫೈಲು. ಬರೆಯುವಾಗ ನಡುವೆ ನಿಂತುಹೋದ ಫೈಲು ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆಯೊಂದಿಗೆ ಕಾಣುತ್ತಿತ್ತು. ಅದನ್ನು ಮಾಮೂಲಿನಂತೆ ಅಳಿಸಬಾರದು. ಅದರ ಸರಪಳಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ತಿಳಿಯದು, ಅದನ್ನು ಹಿಡಿದು ಹೊರಟರೆ ಬೇರೆ ಫೈಲಿನ ಸೆಕ್ಟರ್‌ಗಳೂ ಖಾಲಿ ಎಂದು ಗುರುತಾಗುತ್ತವೆ. ಅದಕ್ಕೆ ವ್ಯಾಲಿಡೇಟ್ ಎಂಬ ಆದೇಶ ಬಳಸಬೇಕು. ಡ್ರೈವ್ ಎಲ್ಲ ಫೈಲುಗಳ ಸರಪಳಿಯನ್ನೂ ಮೊದಲಿನಿಂದ ಹಿಂಬಾಲಿಸಿ ನಕ್ಷೆಯನ್ನು ಹೊಸದಾಗಿ ಬರೆಯುತ್ತದೆ. ಆದರೆ ಪ್ರೋಗ್ರಾಮುಗಳು ಪಟ್ಟಿಗೆ ಸೇರಿಸದೆ ನೇರವಾಗಿ ಸೆಕ್ಟರ್‌ಗಳಲ್ಲಿ ಇಟ್ಟ ಮಾಹಿತಿಯಿದ್ದರೆ ವ್ಯಾಲಿಡೇಟ್ ಅದನ್ನೂ ಖಾಲಿ ಜಾಗವೆಂದು ಎಣಿಸುತ್ತಿತ್ತು. 1986ರಲ್ಲಿ ಬರ್ಕ್‌ಲಿ ಸಾಫ್ಟ್‌ವರ್ಕ್ಸ್‌ನ ಜಿಯೋಸ್ ಬಂದ ಮೇಲೆ, ಜಿಯೋಸ್ ಫ್ಲಾಪಿಗಳಿಗೆ ಡ್ರೈವ್‌ನ ವ್ಯಾಲಿಡೇಟ್ ಕೊಟ್ಟು ಕೈಸುಟ್ಟುಕೊಂಡವರೂ ಆದರು. ಮದ್ದಿನಿಂದಲೇ ಜೀವ ಹೋಗುವ ಪೈಕಿ ಇದು.

ಮೂರನೆಯದಕ್ಕೆ ಸದ್ದೂ ಇತ್ತು. ಹೆಡ್ ಸೊನ್ನೆಯ ನೆಲೆಯಲ್ಲಿದೆಯೇ ಎಂದು ತಿಳಿಯುವ ಸಂವೇದಕ 1541ರಲ್ಲಿ ಇರಲಿಲ್ಲ. ದಾರಿ ತಪ್ಪಿದಾಗ, ಫಾರ್ಮ್ಯಾಟ್ ಮಾಡುವಾಗ, ಡ್ರೈವ್ ಹೆಡ್ಡನ್ನು ಹೊರಗಡೆಗೆ ಅಷ್ಟೂ ಹೆಜ್ಜೆ ತಳ್ಳುತ್ತಿತ್ತು. ಹೆಡ್ ತಡೆಗೂಟಕ್ಕೆ ಟಕಟಕನೆ ಬಡಿದುಕೊಂಡು ನಿಲ್ಲುತ್ತಿತ್ತು. ನಕಲು ತಡೆಯಲೆಂದು ಆಟದ ಕಂಪನಿಗಳು ಫ್ಲಾಪಿಯಲ್ಲಿ ಬೇಕೆಂದೇ ಕೆಟ್ಟ ಸೆಕ್ಟರ್‌ಗಳನ್ನು ಇಡುತ್ತಿದ್ದವು. ಅವನ್ನು ಓದಲು ಹೋದಾಗಲೂ ಇದೇ ಬಡಿತ. ಮೋಟರಿನ ದಂಡಕ್ಕೆ ಒತ್ತಿ ಕೂರಿಸಿದ್ದ ರಾಟೆ ಬಿಸಿಗೂ ಬಡಿತಕ್ಕೂ ಒಂದಿಷ್ಟು ಜಾರುತ್ತಿತ್ತು. ಪವರ್ ಸಪ್ಲೈ ಪೆಟ್ಟಿಗೆಯ ಒಳಗೇ ಇದ್ದದ್ದರಿಂದ ಬಿಸಿಗೇನೂ ಕೊರತೆಯಿರಲಿಲ್ಲ. ಜಾರಿದ ಡ್ರೈವ್ ತಾನು ಬರೆದದ್ದನ್ನು ತಾನು ಚೆನ್ನಾಗಿಯೇ ಓದುತ್ತಿತ್ತು, ಬೇರೆಯವರದನ್ನು ಓದುತ್ತಿರಲಿಲ್ಲ, ಅದು ಬರೆದದ್ದನ್ನು ಬೇರೆಯವೂ ಓದುತ್ತಿರಲಿಲ್ಲ. ರಿಪೇರಿಯವರು ಹೆಡ್ಡನ್ನು ಸರಿಯಾದ ನೆಲೆಗೆ ತಂದು ಕೊಟ್ಟ ದಿನವೇ ಮನೆಯ ಹಳೆಯ ಫ್ಲಾಪಿಗಳೆಲ್ಲ ಮೂಕವಾಗುವುದೂ ಇತ್ತು.

ಇಷ್ಟು ಶಂಕಿತರ ನಡುವೆ ಒಂದು ಆದೇಶದ ಮೇಲೆ ಬೆರಳು ತೋರಿಸಿದರೆ ಯಾರು ನಂಬುತ್ತಾರೆ? ಅದೂ ಕೈಪಿಡಿಯಲ್ಲೇ ಅಚ್ಚಾಗಿರುವ ಆದೇಶ. ಫೈಲು ಕಳೆದುಕೊಂಡವರಿಗೆ ಅದನ್ನು ಮತ್ತೆ ಮಾಡಿ ತೋರಿಸಲು ಬರುತ್ತಿರಲಿಲ್ಲ. ಬಳಕೆದಾರರ ಸಂಘದ ಸಭೆಯಲ್ಲಿ ಎಲ್ಲರೆದುರು @ ಹಾಕಿ ಹತ್ತು ಸಲ ಸೇವ್ ಮಾಡಿದರೆ ಹತ್ತು ಸಲವೂ ಸರಿಯಾಗಿಯೇ ಆಗುತ್ತಿತ್ತು. ದಿನಾ ಬಳಸಿಯೂ ಕೆಡದವರ ಅನುಭವವೇ ಪುರಾವೆಯಂತೆ ಕಾಣುತ್ತಿತ್ತು. ಆದರೆ ಆಗಲಿಲ್ಲ ಎಂಬ ಸಾವಿರ ಸಾಕ್ಷಿಗಳು, ಆಯಿತು ಎಂಬ ಒಂದನ್ನು ಸುಳ್ಳು ಮಾಡುವುದಿಲ್ಲ. ಮೆಮೊರಿಯ ಯಾವ ಪುಟದಲ್ಲಿ ಆ ಗಳಿಗೆಯಲ್ಲಿ ಏನಿತ್ತು ಎಂಬುದರ ಮೇಲೆ ಎಲ್ಲ ನಿಂತಿರುವಾಗ, ಹತ್ತು ಸಲದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಗಂಟು ಬಿಚ್ಚಿದವರು ಸುಮ್ಮನೆ ಸೇವ್ ಮಾಡುತ್ತಾ ಕೂರಲಿಲ್ಲ. ರೋಮ್ ಚಿಪ್ಪಿನ 16 ಕೆಬಿ ಯಂತ್ರಭಾಷೆಯನ್ನು ಬಿಡಿಸಿ ಓದಿದರು. ಆ ಕೆಲಸಕ್ಕೆ ನೆಲ ಹದವಾಗಿತ್ತು. ರಿಚರ್ಡ್ ಇಮ್ಮರ್ಸ್ ಮತ್ತು ಜೆರಾಲ್ಡ್ ನ್ಯೂಫೆಲ್ಡ್ 1984ರಲ್ಲಿ 'ಇನ್‌ಸೈಡ್ ಕಮೊಡೋರ್ ಡಾಸ್' ಎಂಬ ಪುಸ್ತಕದಲ್ಲಿ 1541ರ ಒಳಗನ್ನು ವಿವರವಾಗಿ ತೆರೆದಿಟ್ಟಿದ್ದರು. 1985ರಲ್ಲಿ ಒಂದರ ಹಿಂದೊಂದು ಲೇಖನಗಳು ಬಂದವು. ಕೆನಡಾದ 'ಟ್ರಾನ್ಸಾಕ್ಟರ್' ಪತ್ರಿಕೆ ಆ ವರ್ಷ ದೋಷವನ್ನು ಬಯಲಿಗೆಳೆಯಿತು. ಅಕ್ಟೋಬರಿನಲ್ಲಿ ಕಂಪ್ಯೂಟ್ ಪ್ರಕಾಶನದ ಪತ್ರಿಕೆಯಲ್ಲಿ ಪಿ. ಎ. ಸ್ಲೇಮೇಕರ್ ಅದರ ಬೇರು ಎಲ್ಲಿದೆ ಎಂದು ತೋರಿಸಿದರು. ನಗುತ್ತಿದ್ದವರ ಬಾಯಿ ಕಟ್ಟಿತು.

ಬೇರು ಇದ್ದದ್ದು ಇಲ್ಲದ ಡ್ರೈವ್‌ನಲ್ಲಿ. ಡಾಸ್ ಹುಟ್ಟಿದ್ದು ಜೋಡಿ ಡ್ರೈವ್‌ಗಾಗಿ ಎಂದೆನಲ್ಲ. ಫೈಲಿನ ಹೆಸರಿನ ಜೊತೆ 0 ಅಥವಾ 1 ಎಂದು ಡ್ರೈವ್ ಅಂಕೆ ಹೇಳದಿದ್ದರೆ ಅದು ಎರಡರಲ್ಲೂ ಹುಡುಕುವ ಅಭ್ಯಾಸದ್ದು. ಜೋಡಿ ಪೆಟ್ಟಿಗೆಯಲ್ಲಿ ಅದು ಸೌಕರ್ಯ. 1541ರಲ್ಲಿ ಎರಡನೇ ಡ್ರೈವೇ ಇಲ್ಲ, ಆದರೆ ಹುಡುಕುವ ಅಭ್ಯಾಸ ಹೋಗಿರಲಿಲ್ಲ. ಅಂಕೆ ಹೇಳದೆ "@:ಹೆಸರು" ಎಂದರೆ ಆ ಇಲ್ಲದ ಡ್ರೈವ್‌ಗೂ ಒಂದು ಬಫರ್ ಮೀಸಲಾಗುತ್ತಿತ್ತು. ಐದರಲ್ಲಿ ಒಂದು ಹೀಗೆ ಹೋಯಿತು. ಇನ್ನೊಂದರಲ್ಲಿ ಖಾಲಿ-ಭರ್ತಿ ನಕ್ಷೆ ಕೂತಿರುತ್ತದೆ. ಬರೆಯುತ್ತಿರುವ ಫೈಲಿಗೆ ಎರಡು, ಹೆಸರಿನ ಪಟ್ಟಿಯನ್ನು ನೋಡಲು ಒಂದು. ಐದೂ ಮುಗಿದವು. ಬದಲಿಸಿ ಸೇವ್ ಮಾಡುವ ಕೆಲಸ ಬೇರೆಲ್ಲ ಕೆಲಸಗಳಿಗಿಂತ ಸಂಕೀರ್ಣ, ಅದಕ್ಕೆ ಇನ್ನೂ ಒಂದು ಬೇಕಾಗುವ ಸಂದರ್ಭ ಬರುತ್ತದೆ. ಆಗ ಡಾಸ್ ಒಂದು ಉಪಾಯ ಮಾಡುತ್ತಿತ್ತು: ಸದ್ಯಕ್ಕೆ ಬಳಕೆಯಲ್ಲಿಲ್ಲದಂತೆ ಕಾಣುವ ಬಫರನ್ನು ಅದರ ಒಡೆಯನಿಂದ ಕದಿಯುವುದು. ಕದಿಯುವುದೆಂದು ನಾನು ಸೇರಿಸಿ ಹೇಳುತ್ತಿಲ್ಲ, ಆ ತುಣುಕಿಗೆ ಪ್ರೋಗ್ರಾಂ ಬರೆದವರೇ ಇಟ್ಟ ಹೆಸರು ಅದು. ಬಫರು ಧಾರಾಳವಾಗಿದ್ದ ಹಳೆಯ ಪೆಟ್ಟಿಗೆಯಲ್ಲಿ ಅಷ್ಟು ಬಿಕ್ಕಟ್ಟು ಬರುವುದು ಅಪರೂಪ. 1541ರ ಇಕ್ಕಟ್ಟಿನಲ್ಲಿ, ಕದ್ದ ಮೇಲೆ ಲೆಕ್ಕ ತಪ್ಪುವ ಸಂದರ್ಭಗಳಿದ್ದವು. ಆಗ ಯಾವ ಬಫರಿನಲ್ಲಿ ಏನಿದೆ ಎಂಬ ಅರಿವಿಲ್ಲದೆ ಡ್ರೈವ್ ಅದನ್ನು ಫ್ಲಾಪಿಗೆ ಬರೆಯುತ್ತಿತ್ತು, ಬರೆದದ್ದನ್ನು ಎಂದಿನಂತೆ ಓದಿ ತಾಳೆ ನೋಡುತ್ತಿತ್ತು, ತಾಳೆಯಾಗುತ್ತಿತ್ತು.

ಎಷ್ಟು ಸಲ ಹೀಗಾಗುತ್ತದೆ ಎಂಬುದು ಅದಕ್ಕೂ ಮೊದಲು ಡ್ರೈವ್‌ನಲ್ಲಿ ಏನೇನು ಮಾಡಿದ್ದೀರಿ, ಬೇರೆ ಯಾವ ಫೈಲು ತೆರೆದಿದೆ ಎಂಬುದನ್ನು ಅವಲಂಬಿಸಿತ್ತು. ಆಗಷ್ಟೇ ಆನ್ ಮಾಡಿದ ಡ್ರೈವ್‌ನಲ್ಲಿ, ಒಂದೇ ಪ್ರೋಗ್ರಾಮನ್ನು ಮತ್ತೆ ಮತ್ತೆ ಸೇವ್ ಮಾಡುವವನು ಎಷ್ಟು ಕಾಲವಾದರೂ ಅದನ್ನು ಕಾಣದೆ ಇರಬಹುದು. ಸಂಘದ ಸಭೆಗಳಲ್ಲಿ ಆಗುತ್ತಿದ್ದುದು ಅದೇ.

ಲೇಖನಗಳು ಬಂದ ಮೇಲೆ ಸಲಹೆಗಳು ಹಬ್ಬಿದವು. ಅಂಕೆಯನ್ನು ಯಾವತ್ತೂ ಬಿಡಬೇಡಿ, "@:" ಅಲ್ಲ "@0:" ಎಂದೇ ಬರೆಯಿರಿ, ಆಗ ಇಲ್ಲದ ಡ್ರೈವ್‌ನ ತಂಟೆಯೇ ಬರುವುದಿಲ್ಲ ಎಂಬುದೊಂದು. ಆ ಚಿಹ್ನೆಯ ಸಹವಾಸವೇ ಬೇಡ, ಹಳೆಯದನ್ನು ಅಳಿಸಿ ಆಮೇಲೆ ಸೇವ್ ಮಾಡಿ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಜನಪ್ರಿಯವಾಯಿತು, ಇದರಲ್ಲೊಂದು ತಮಾಷೆಯಿದೆ. ಅಳಿಸಿದ ಗಳಿಗೆಯಿಂದ ಸೇವ್ ಮುಗಿಯುವ ಗಳಿಗೆಯವರೆಗೆ ಫ್ಲಾಪಿಯಲ್ಲಿ ನಿಮ್ಮ ಕೆಲಸದ ಒಂದು ಪ್ರತಿಯೂ ಇರುವುದಿಲ್ಲ. ಯಾವ ಅಪಾಯವನ್ನು ತಪ್ಪಿಸಲೆಂದು @ ಹುಟ್ಟಿತೋ ಅದನ್ನೇ ಜನ ಸುರಕ್ಷಿತವೆಂದು ಆರಿಸಿಕೊಂಡರು. ಅವರ ಲೆಕ್ಕವೂ ತಪ್ಪಲ್ಲ. ಕರೆಂಟು ಹೋದರೆ ಕಣ್ಣಿಗೆ ಕಾಣುತ್ತದೆ, ಏನು ಹೋಯಿತು ಎಂದು ಗೊತ್ತಾಗುತ್ತದೆ, ಮೆಮೊರಿಯಲ್ಲಿದ್ದದ್ದೂ ಹೋಗಿರುತ್ತದೆ, ಕೂತು ಮತ್ತೆ ಟೈಪ್ ಮಾಡಬಹುದು. ಕಾಣದಂತೆ ಕೆಡುವುದು ಅದಕ್ಕಿಂತ ಕೆಟ್ಟದ್ದು.

ಇನ್ನೂ ಜಾಣರು ಅಳಿಸುವ ಗೋಜಿಗೇ ಹೋಗದೆ ಪ್ರತಿ ಸಲವೂ ಹೆಸರಿನ ಕೊನೆಗೆ ಅಂಕೆ ಏರಿಸುತ್ತಾ ಹೋದರು: ಪತ್ರ1, ಪತ್ರ2, ಪತ್ರ3. ಫ್ಲಾಪಿ ತುಂಬಿದಾಗ ಹಿಂದಿನವನ್ನು ಅಳಿಸುವುದು. ಪಟ್ಟಿಯಲ್ಲಿ 144 ಹೆಸರುಗಳಿಗೆ ಜಾಗವಿತ್ತು, ಮನೆಯ ಬಳಕೆಗೆ ಧಾರಾಳ.

ಕಮೊಡೋರ್ ತಿದ್ದಿದ್ದು ತಡವಾಗಿ. ಮಾರಿಹೋದ ಡ್ರೈವ್‌ನ ರೋಮ್ ಚಿಪ್ಪನ್ನು ಮನೆಮನೆಗೆ ಹೋಗಿ ಬದಲಿಸುವಂತಿಲ್ಲ, ನಿಜ. ಆದರೆ ಒಂದು ಎಚ್ಚರಿಕೆಯ ಚೀಟಿಯನ್ನಾದರೂ ಪೆಟ್ಟಿಗೆಯೊಳಗೆ ಹಾಕಬಹುದಿತ್ತು ಎಂಬುದು ನನ್ನ ತಕರಾರು. 1985ರಲ್ಲಿ ಕಮೊಡೋರ್ 128ರ ಜೊತೆಗೆ ಬಂದ 1571 ಡ್ರೈವ್‌ಗೆ ಮುಂದೆ ಹೊರಬಂದ ಪರಿಷ್ಕೃತ ರೋಮ್‌ನಲ್ಲಿ, ಮತ್ತು ದಶಕದ ಕೊನೆಯ ಭಾಗದ 1541-2ರಲ್ಲಿ ದೋಷ ಹೋಯಿತು. ಹೊಸ ಡ್ರೈವ್ ಕೊಳ್ಳದವರಿಗೆ ಹೊರಗಿನವರು ಮಾಡಿದ ಜಿಫಿಡಾಸ್ ಎಂಬ ಬದಲಿ ರೋಮ್ ಸಿಗುತ್ತಿತ್ತು. ಅದನ್ನು ಕೊಂಡವರು ಕೊಂಡದ್ದು ವೇಗಕ್ಕಾಗಿ, @ ಸರಿಹೋದದ್ದು ಜೊತೆಗೆ ಬಂದ ಲಾಭ. ಅಷ್ಟರಲ್ಲಿ ಆ ಚಿಹ್ನೆಯ ಮೇಲಿನ ಭಯ ಮೈಗಂಟಿತ್ತು. ಸರಿಯಾದ ಡ್ರೈವ್ ಇದ್ದವರೂ ಅದನ್ನು ಮುಟ್ಟುತ್ತಿರಲಿಲ್ಲ.

ಕಮೊಡೋರ್ ಕಂಪನಿ 1994ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಹಳೆಯ ಫ್ಲಾಪಿಗಳನ್ನು ಉಳಿಸುವ ಹವ್ಯಾಸಿಗಳು ಈಗ ಅವನ್ನು ಸೆಕ್ಟರ್ ಸೆಕ್ಟರಾಗಿ ಓದಿ ಡಿ64 ಎಂಬ ಕಡತಗಳಾಗಿ ಇಡುತ್ತಾರೆ. ಅಂಥ ಕಡತದ ಸಾಮಾನ್ಯ ಗಾತ್ರ 1,74,848 ಅಕ್ಷರ. 683 ಸೆಕ್ಟರ್‌ಗಳನ್ನು 256ರಿಂದ ಗುಣಿಸಿದರೆ ಬರುವುದು ಅದೇ. ಅವನ್ನು ತೆರೆಯಲು ವೈಸ್ ಎಂಬ ಎಮ್ಯುಲೇಟರ್ ಇದೆ. ಡ್ರೈವನ್ನು ಯಥಾವತ್ತಾಗಿ ನಡೆಸು ಎಂದು ಅದಕ್ಕೆ ಹೇಳಿದರೆ 1541ರ 6502 ಪ್ರೊಸೆಸರನ್ನೂ 2 ಕೆಬಿ ಮೆಮೊರಿಯನ್ನೂ ಮೂಲ ರೋಮ್‌ನ ಒಂದೊಂದು ಆದೇಶವನ್ನೂ ಹಾಗೆಯೇ ಆಡಿಸುತ್ತದೆ. ಅಂದಮೇಲೆ ಲ್ಯಾಪ್‌ಟಾಪಿನಲ್ಲಿ ಕೂತು ಅಲ್ಲಿ ಸೇವ್ "@:ಹೆಸರು",8 ಎಂದು ಒತ್ತುವವರು ಆ ಕಡತದ ಒಂದು ನಕಲನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.